ಬೆಟಗೇರಿಯಿಂದ ಆನಂದಪುರದ ತನಕ

ಮೇ ತಿಂಗಳ ಕೊನೆಗೆ ನಾನು ನಿವೃತ್ತಳಾದೆ. 33 ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಹಾರ ಹಾಕಿದರು, ಶಾಲು ಹೊದಿಸಿದರು, ಊಟ ಆಯಿತು. ಮರುದಿನ ಬೆಳಿಗ್ಗೆ ಐದಕ್ಕೆ ಎಂದಿನಂತೆ ಎಚ್ಚರ ಆಯಿತು. ಹೋಗಲಿಕ್ಕೆ ಡ್ಯೂಟಿ ಇರಲಿಲ್ಲ. ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಪುಣೆಯಲ್ಲಿದ್ದಾನೆ. "ಮನಿ ಬಾಡಗಿ ಕೊಟ್ಟು ಇಲ್ಲೇ ಬಂದು ಬಿಡವ್ವ" ಅಂತ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ.

ಹೀಗೆ ಕೆಲವು ತಿಂಗಳಾದ ಮೇಲೆ ನಮ್ಮ ಸಭೆಯ ಅಯ್ಯನವರು (ಚರ್ಚಿನ ಪಾದ್ರಿ) ಇನ್ನೊಂದು ಮಾತು ಹೇಳಿದರು. ರಾಯಚೂರು ಕಡೆ ಒಂದು ಹಳ್ಳಿಯಲ್ಲಿ ಹುಡುಗಿಯರ ಹಾಸ್ಟೆಲ್ ಇದೆ, ನೋಡಿಕೊಳ್ಳುವವರು ಇಲ್ಲ, ಎರಡು ವರ್ಷದ ಮಟ್ಟಿಗಾದರೂ ಹೋಗುತ್ತೀರಾ ಅಂತ. ನಾನು ಇಪ್ಪತ್ತರ ಹುಡುಗಿಯಾಗಿದ್ದಾಗ ಯೌವನಸ್ಥರ ಕೂಟದಲ್ಲಿ ಎದ್ದು ನಿಂತು, ನನ್ನ ಜೀವನ ಕರ್ತನ ಸೇವೆಗೆ ಅಂತ ಹೇಳಿದ್ದೆ. ಆಮೇಲೆ ನೌಕರಿ, ಮದುವೆ, ಮಗ, ಮನೆ ಸಾಲ ಎಲ್ಲ ಬಂತು. ಆ ಮಾತನ್ನು ನಾನು ಮರೆತಿರಲಿಲ್ಲ. ಆದರೆ ಅದನ್ನು ಎತ್ತಿ ನೋಡಿಯೂ ಇರಲಿಲ್ಲ. "ಒಂದು ತಿಂಗಳು ಟೈಮ್ ಕೊಡ್ರಿ" ಅಂದೆ.

ಆ ತಿಂಗಳಲ್ಲಿ ಮಾಡಿದ ಐದು ದಿನದ ಪ್ರಯಾಣ ಇದು, ಕೊನೆಗೆ ಕೊಡಗಿನ ಆನಂದಪುರದ ತನಕ. ನಮ್ಮ ಮನೆತನ ಕ್ರೈಸ್ತರಾದದ್ದು ಬಾಸೆಲ್ ಮಿಷನ್ (ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ) ಕಾಲದಲ್ಲಿ. ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗಿನ ಪಕ್ಕದ ನಮ್ಮ ಬೆಟಗೇರಿಗೆ 1841ರಲ್ಲಿ ಬಂದರು. ಆದರೆ ಎಲ್ಲಕ್ಕೂ ಮೊದಲು ಅವರು ಇಳಿದದ್ದು ಮಂಗಳೂರಿನಲ್ಲಿ. ಹುಟ್ಟಿದಾಗಿನಿಂದ ಕೇಳಿದ ಆ ಜಾಗಗಳನ್ನು ಒಂದು ಸಲವೂ ನೋಡಿರಲಿಲ್ಲ. ಜೊತೆಗೆ ನಮ್ಮ ವೈನಿ (ಅತ್ತಿಗೆ) ಹೊರಟರು. ಅವರಿಗೆ 68. ಮೂವತ್ತು ವರ್ಷ ಭಾನುವಾರ ಶಾಲೆ ನಡೆಸಿದ ಕೈ.

ಮೊದಲ ದಿನ, ಶನಿವಾರ: ಬಲ್ಮಠ

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು. ಯಲ್ಲಾಪುರ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ, ನನ್ನ ಎಡ ತೋಳು ಅಂಕೋಲಾ ತನಕ ನೆನೆಯಿತು. ಸೆಪ್ಟೆಂಬರ್ ಕೊನೆ, ಮಳೆ ಮುಗಿದಿರುತ್ತದೆ ಅಂತ ನಾವು ಬಯಲುಸೀಮೆಯವರು ಅಂದುಕೊಂಡದ್ದು ತಪ್ಪು. ಕರಾವಳಿಗೆ ಹೋಗುವವರು ಅಕ್ಟೋಬರ್ ತನಕ ಛತ್ರಿಯ ಜೊತೆ ಒಂದು ಜೊತೆ ಬಟ್ಟೆ ಜಾಸ್ತಿಯೇ ಇಟ್ಟುಕೊಳ್ಳಬೇಕು.

ಬೆಳಿಗ್ಗೆ ಮಂಗಳೂರಿನಲ್ಲಿ ಇಳಿದು, ಸ್ನಾನ ಮಾಡಿ, ನೀರುದೋಸೆ ತಿಂದು ಬಲ್ಮಠದ ಗುಡ್ಡ ಹತ್ತಿದೆವು. ಆಟೋದವರು "ಶಾಂತಿ ಚರ್ಚ್ ಅಲ್ವಾ?" ಅಂತ ಅವರೇ ಕೇಳಿದರು. ಗುಡ್ಡದ ಮೇಲೆ ದೊಡ್ಡ ಮರಗಳು, ಹಂಚಿನ ಹಳೆಯ ಕಟ್ಟಡಗಳು, ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಸಭಾಪಾಲಕರನ್ನು ತಯಾರು ಮಾಡುವ ಕೆಲಸ ಇಲ್ಲಿ 1847ರಿಂದ ನಡೆದಿದೆ. ಕಾಲೇಜಿನಲ್ಲಿ ಮಿಷನ್ ಕಾಲದ ಕಾಗದ ಪತ್ರಗಳ ಸಂಗ್ರಹ ಇದೆ. ನಾವು ಹೇಳದೆ ಕೇಳದೆ ಹೋಗಿ ಸ್ವಲ್ಪ ಕಾಯಬೇಕಾಯಿತು. ಹೋಗುವವರು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ, ಶನಿವಾರ ಮಧ್ಯಾಹ್ನ ಅಂತೂ ಬೇಡ.

1834ರಲ್ಲಿ ಮೂವರು ಹಡಗಿನಲ್ಲಿ ಬಂದರು: ಹೆಬಿಕ್, ಲೇನರ್, ಗ್ರೈನರ್. ಎರಡು ವರ್ಷದ ಮೇಲೆ ಹರ್ಮನ್ ಮೊಗ್ಲಿಂಗ್ ಬಂದ. 1843ರ ಜುಲೈ 1ರಂದು ಇದೇ ಊರಿನಿಂದ 'ಮಂಗಳೂರು ಸಮಾಚಾರ' ಹೊರಟಿತು. ಕನ್ನಡದ ಮೊದಲ ಪತ್ರಿಕೆ, ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಕಲ್ಲಚ್ಚು. ಅದರ ಪುಟದ ನಕಲು ನೋಡಿದೆವು. ಅಕ್ಷರಗಳು ಕೈಯಲ್ಲಿ ಬರೆದಂತೆ ಒತ್ತೊತ್ತಾಗಿ ಕೂತಿವೆ. ವೈನಿ ಕನ್ನಡಕ ಮೇಲೆ ಸರಿಸಿ, ಬೆರಳು ಗಾಳಿಯಲ್ಲೇ ಆಡಿಸುತ್ತ ಒಂದು ಸಾಲು ಓದಿದರು. "ನಮ್ಮಜ್ಜನ ಅಕ್ಷರ ಹಿಂಗ ಇತ್ತು" ಅಂದರು.

ಆದರೆ ಅಲ್ಲಿ ನನ್ನ ಮನಸ್ಸು ಹಿಡಿದದ್ದು ಮೊಗ್ಲಿಂಗ್ ಅಲ್ಲ. ಅವನ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣರ ಹುಡುಗ. 1844ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಇನ್ನಿಬ್ಬರು ಗೆಳೆಯರ ಜೊತೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದ. ಊರಿಗೆ ಊರೇ ಎದ್ದಿತು. ಮನೆಯ ಬಾಗಿಲು ಮುಚ್ಚಿತು. ಗುರುವಿನ ಹೆಸರು ಮುಂದೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ, ಹುಟ್ಟಿದ ಹೆಸರನ್ನು ಬಿಡಲಿಲ್ಲ. ಸಮುದ್ರ ದಾಟಿ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾಲಕನಾಗಿ ತಿರುಗಿ ಬಂದ. ಬಂದದ್ದು ಎಲ್ಲಿಗೆ? ತನ್ನನ್ನು ಹೊರಗೆ ಹಾಕಿದ ಇದೇ ಊರಿಗೆ. ಇದೇ ಗುಡ್ಡದಲ್ಲಿ ಪಾಠ ಹೇಳಿದ. ಬಿಟ್ಟು ಹೋಗುವುದಕ್ಕಿಂತ ತಿರುಗಿ ಬರುವುದಕ್ಕೆ ಜಾಸ್ತಿ ಧೈರ್ಯ ಬೇಕು ಅಂತ ನನಗೆ ಅನಿಸುತ್ತದೆ. ಬೀದಿಯಲ್ಲಿ ಎದುರಾದ ಅಣ್ಣ ತಮ್ಮಂದಿರನ್ನು ಹೇಗೆ ನೋಡಿದನೋ. ಆ ದಿನ ಪೂರ್ತಿ ಅದೇ ಯೋಚನೆ.

ಒಂದು ಮಾತು ಮುಚ್ಚಿಡಬಾರದು. ಆ ಕಾಲದ ಮಿಷನರಿಗಳ ಬರಹದಲ್ಲಿ ಈ ನಾಡಿನವರ ನಂಬಿಕೆಗಳ ಬಗ್ಗೆ ಕಟುವಾದ ಮಾತುಗಳಿವೆ. ಓದಿದರೆ ನನಗೆ ನೋವಾಗುತ್ತದೆ. ನಾನು ಕ್ರಿಸ್ತನನ್ನು ಪ್ರೀತಿಸುತ್ತೇನೆ, ಅದಕ್ಕೇ ನೋವಾಗುತ್ತದೆ.

ಎರಡನೆಯ ದಿನ, ಭಾನುವಾರ: ಆರಾಧನೆ, ಆಮೇಲೆ ಜೆಪ್ಪು

ಬೆಳಿಗ್ಗೆ ಆರಾಧನೆಗೆ ಹೋದೆವು. ಮೊದಲ ಸಂಗೀತ ಶುರುವಾದ ಕೂಡಲೇ ವೈನಿ ನನ್ನ ಕೈ ಹಿಡಿದರು. ನಮ್ಮ ಬೆಟಗೇರಿಯಲ್ಲಿ ಹಾಡುವ ಅದೇ ಜರ್ಮನ್ ರಾಗ, ಅದೇ ಕನ್ನಡ ಮಾತು. ನಾವು ಎಳೆದು ಹಾಡುತ್ತೇವೆ, ಇವರು ಚುರುಕು. ನಾವಿಬ್ಬರೂ ಪ್ರತಿ ಸಾಲಿನ ಕೊನೆಗೆ ಅರ್ಧ ಉಸಿರು ಹಿಂದೆ ಉಳಿಯುತ್ತಿದ್ದೆವು. ಮುಂದಿನ ಬೆಂಚಿನ ಅಮ್ಮ ಹಿಂದೆ ತಿರುಗಿ ನಕ್ಕರು.

ಆರಾಧನೆ ಮುಗಿದ ಮೇಲೆ ಅವರೇ ಬಂದು ಮಾತಾಡಿಸಿದರು. "ಘಟ್ಟದ ಮೇಲಿನವರಾ? ಹಾಡುವಾಗಲೇ ಗೊತ್ತಾಯ್ತು." ಮನೆಗೆ ಕರೆದುಕೊಂಡು ಹೋಗಿ ಕೋರಿ ರೊಟ್ಟಿ ಬಡಿಸಿದರು. ಜೋಳದ ರೊಟ್ಟಿ ತಿಂದು ಬೆಳೆದ ನಮಗೆ ಗರಿಗರಿ ಅಕ್ಕಿ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿನ್ನುವುದು ಹೊಸದು. ತುಂಬಾ ಹೊತ್ತು ನೆನೆಯಲು ಬಿಡಬಾರದಂತೆ. ಅವರ ಮಾವ, ತೊಂಬತ್ತರ ಹತ್ತಿರದವರು, ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಅವರ ಅಪ್ಪನೂ ಅಲ್ಲೇ.

"ಕಾರ್ಖಾನೆ ಯಾಕೆ ಮಾಡಿದ್ರು ಗೊತ್ತುಂಟಾ?" ಅಂತ ಅವರು ಕೇಳಿದರು. ಗೊತ್ತಿತ್ತು, ಆದರೂ ಅವರ ಬಾಯಿಂದ ಕೇಳಬೇಕಿತ್ತು. "ನಮ್ಮವರು ಕಳ್ಳು ಇಳಿಸುವವರು. ಸಭೆಗೆ ಸೇರಿದ ಮೇಲೆ ಆ ಕೆಲಸ ಬಿಟ್ರು. ಒಕ್ಕಲು ಇದ್ದ ಜಾಗದಿಂದ ಏಳಿಸಿದ್ರು. ನಂಬಿಕೆ ಬಂತು, ಗಂಜಿ ಹೋಯ್ತು. ಆಗ ಪಾದ್ರಿಗಳಿಗೆ ಗೊತ್ತಾಯ್ತು, ಬರೇ ಪ್ರಸಂಗ ಮಾಡಿದ್ರೆ ಆಗುದಿಲ್ಲ ಅಂತ."

ಹಾಗೆ ಮೊದಲು ನೇಯ್ಗೆ ಬಂತು. 1851ರಲ್ಲಿ ಬಂದ ಹಾಲರ್ ಎಂಬವನು ಬಲ್ಮಠದಲ್ಲಿ ಮಗ್ಗ ಹಾಕಿಸಿದ. ಖಾಕಿ ಬಣ್ಣ ಅಲ್ಲೇ ಹುಟ್ಟಿತು ಅಂತ ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ದಂಡೆಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು. ಮಂಗಳೂರು ಹಂಚು ಅಂತ ದೇಶವೆಲ್ಲ ಕರೆಯುವುದು ಅಲ್ಲಿಂದ ಶುರುವಾದದ್ದು.

ಅಜ್ಜ ಸೊಸೆಗೆ ಹೇಳಿ ಹಿತ್ತಿಲಿನಿಂದ ಒಂದು ಹಂಚು ತರಿಸಿದರು. ಮೇಲ್ಭಾಗ ಮಳೆ ಕುಡಿದು ಕಪ್ಪಾಗಿತ್ತು, ಅಂಚಿನಲ್ಲಿ ಒಣಗಿದ ಪಾಚಿ. ಮಗುಚಿದರೆ ಒಳಭಾಗ ಇನ್ನೂ ಕೆಂಪು. ಅದರಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು, 1865 ಎಂಬ ಇಸವಿ. ಅಕ್ಷರದ ಪಕ್ಕ ಒಂದು ಹೆಬ್ಬೆರಳಿನ ಗುರುತು. ಹಸಿ ಹಂಚನ್ನು ಎತ್ತಿಟ್ಟವರ ಬೆರಳು. ನನ್ನ ಹೆಬ್ಬೆರಳು ಇಟ್ಟು ನೋಡಿದೆ, ನನಗಿಂತ ಚಿಕ್ಕದು. "ಹೆಂಗಸರದ್ದು ಇರಬೇಕು" ಅಂದರು ಅಜ್ಜ. ಅದನ್ನು ಕೆಳಗೆ ಇಡಲಿಕ್ಕೆ ನನಗೆ ಮನಸ್ಸೇ ಬರಲಿಲ್ಲ.

ಸಂಜೆ ಜೆಪ್ಪು ಕಡೆ ನಡೆದು ಹೋದೆವು. ಮಳೆಯ ರಸ್ತೆ, ನನ್ನ ಚಪ್ಪಲಿಯ ಉಂಗುಟ ಕಿತ್ತಿತು. ಭಾನುವಾರ ಚಪ್ಪಲಿ ಹೊಲಿಯುವವರು ಯಾರೂ ಸಿಗಲಿಲ್ಲ. ವೈನಿ ಚೀಲದಿಂದ ಸೇಫ್ಟಿ ಪಿನ್ ತೆಗೆದು ಕೂಡಿಸಿದರು. ಆ ಪಿನ್ನಿನ ಮೇಲೆಯೇ ಎರಡು ದಿನ ನಡೆದೆ.

1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಹಿಡಿದು ಶಿಬಿರಕ್ಕೆ ಹಾಕಿತು. ಕಾರ್ಖಾನೆಗಳು ಕೈ ಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಆಯಿತು. ಆದರೂ ಭಾನುವಾರದ ಗಂಟೆ ನಿಲ್ಲಲಿಲ್ಲ. ಊರಿನ ಪಾಲಕರು, ಉಪದೇಶಿಗಳು, ಶಾಲೆಯ ಅಕ್ಕೋರುಗಳು ನಡೆಸಿಕೊಂಡು ಹೋದರು. ನಮ್ಮ ಪುಸ್ತಕಗಳಲ್ಲಿ ಅವರ ಹೆಸರು ಕಡಿಮೆ. ಇದು ನನ್ನ ತಕರಾರು.

ಮೂರನೆಯ ದಿನ, ಸೋಮವಾರ: ಮುಲ್ಕಿ, ಉಡುಪಿ

ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸು. ಕರಾವಳಿಯ ಖಾಸಗಿ ಬಸ್ಸುಗಳ ವೇಗ ಗೊತ್ತಿಲ್ಲದವರು ಮುಂದಿನ ಸೀಟು ಹಿಡಿಯಬೇಡಿ. ವೈನಿ ಮುಲ್ಕಿ ತನಕ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು.

ಮುಲ್ಕಿಯಲ್ಲಿ ಚರ್ಚಿಗೆ ಬೀಗ. ಪಕ್ಕದ ಅಂಗಡಿಯ ಶೆಟ್ರು ಒಂದು ಹುಡುಗನನ್ನು ಸೈಕಲ್ಲಿನಲ್ಲಿ ಕಳಿಸಿ ಬೀಗದ ಕೈ ತರಿಸಿದರು. "ನಾನು ಅಲ್ಲಿಯ ಶಾಲೆಯಲ್ಲೇ ಕಲಿತದ್ದು ಮಾರ್ರೆ" ಅಂದರು. ಒಳಗೆ ತಂಪು, ಹಳೆಯ ಮರದ ವಾಸನೆ. ಗ್ರೈನರ್ ಮತ್ತು ಅಮ್ಮನ್ ತುಳುವಿಗೆ ಬೈಬಲಿನ ಹೊಸ ಒಡಂಬಡಿಕೆ ತಂದವರು, 1847ರಲ್ಲಿ ಅದು ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಅಮ್ಮನ್ ಇದ್ದದ್ದು ಈ ಮುಲ್ಕಿಯಲ್ಲಿ. ಮುಂದೆ 1886ರಲ್ಲಿ ಮೆನ್ನರ್ ತುಳು ನಿಘಂಟು ಮಾಡಿದ. ಶೆಟ್ರು ಈ ನಿಘಂಟಿನ ವಿಷಯ ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು. ಅಂಗಡಿ ಬಿಟ್ಟು ಬಂದು ಅರ್ಧ ಗಂಟೆ ಮಾತಾಡಿದರು.

ಉಡುಪಿಯಲ್ಲಿ ನನಗೆ ನೋಡಬೇಕಿದ್ದದ್ದು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ. ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಸ್ವಿಟ್ಜರ್‌ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಇದನ್ನು ಶುರು ಮಾಡಿದರು. ಹೆರಿಗೆಗೆ ಗಂಡಸು ಡಾಕ್ಟರ ಹತ್ತಿರ ಹೋಗಲಾರದೆ ಹೆಂಗಸರು ಮನೆಯಲ್ಲೇ ಕಷ್ಟಪಡುತ್ತಿದ್ದ ಕಾಲದಲ್ಲಿ ಒಬ್ಬ ಲೇಡಿ ಡಾಕ್ಟರ್ ಬಂದದ್ದು ಎಷ್ಟು ದೊಡ್ಡ ಮಾತು ಅನ್ನುವುದು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ನನಗೆ ಗೊತ್ತು.

ಸುಮ್ನೆ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ನರ್ಸಿಂಗ್ ಓದುವ ಒಬ್ಬ ಹುಡುಗಿ, ಮುದುಕಿಯೊಬ್ಬರನ್ನು ಗಾಲಿಕುರ್ಚಿಯಲ್ಲಿ ತಂದಳು. ಬಾಗಿಲಿನ ಹೊಸ್ತಿಲು ಬಂತು. ಹುಡುಗಿ ಕುರ್ಚಿ ತಿರುಗಿಸಿ, ಹಿಂದು ಮುಂದಾಗಿ, ಮೆಲ್ಲನೆ ದಾಟಿಸಿದಳು. ಕುಲುಕಲಿಲ್ಲ. ಮುಂದೆ ನಿಂತು, ಮಂಡಿಯೂರಿ, ಅಜ್ಜಿಯ ಕಾಲು ಪಾದದಾನಿಯ ಮೇಲೆ ಸರಿಯಾಗಿ ಕೂತಿದೆಯಾ ನೋಡಿ, ಸೀರೆಯ ಅಂಚು ಗಾಲಿಗೆ ಸಿಗದಂತೆ ಒಳಗೆ ಸೇರಿಸಿದಳು. ಯಾರೂ ನೋಡುತ್ತಿಲ್ಲ ಅಂತ ಅವಳು ತಿಳಿದಿದ್ದಳು. ನಾನು ಎಷ್ಟೋ ಹುಡುಗಿಯರಿಗೆ ಇದನ್ನೇ ಕಲಿಸಿದ್ದೇನೆ. ಕಣ್ಣು ತುಂಬಿ ಬಂತು. ನಾಲ್ಕು ತಿಂಗಳಿನಿಂದ ನಾನು ಕಳೆದುಕೊಂಡದ್ದು ನೌಕರಿ ಅಂತ ಅಂದುಕೊಂಡಿದ್ದೆ. ಅಲ್ಲ, ಈ ಕೆಲಸ. ಎರಡೂ ಒಂದೇ ಅಲ್ಲ ಅಂತ ಆ ಬೆಂಚಿನಲ್ಲಿ ಗೊತ್ತಾಯಿತು.

ಸಂಜೆ ಮಲ್ಪೆ ಕಡಲತೀರದಲ್ಲಿ ಗೋಳಿಬಜೆ ತಿಂದು ರಾತ್ರಿ ಮಂಗಳೂರಿಗೆ ವಾಪಸ್.

ನಾಲ್ಕನೆಯ ದಿನ, ಮಂಗಳವಾರ: ಘಟ್ಟದ ದಾರಿ

ಪುತ್ತೂರು, ಸುಳ್ಯ, ಸಂಪಾಜೆ. ಸುಳ್ಯದಲ್ಲಿ ಚಪ್ಪಲಿ ಹೊಲಿಸಿಕೊಂಡೆ. ಸಂಪಾಜೆ ಬಿಟ್ಟ ಮೇಲೆ ರಸ್ತೆಗೆ ಮಣ್ಣು ಜರಿದು ಒಂದೂವರೆ ಗಂಟೆ ನಿಂತೆವು. ಎಡಕ್ಕೆ ಕಾಡು, ಬಲಕ್ಕೆ ಬಂಡೆಯಿಂದ ಇಳಿಯುವ ನೀರು. ಬಸ್ಸಿನವರೆಲ್ಲ ಇಳಿದರು. ಒಬ್ಬ ತಾಯಿ ಮಗುವಿಗೆ ಜ್ವರ ಅಂತ ಅಳುತ್ತಿದ್ದಳು. ಮೈ ಮುಟ್ಟಿ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ, ಉಣ್ಣೆಯ ಟೋಪಿ, ಮೂರು ಪದರ ಸ್ವೆಟರ್ ತೆಗೆಸಿದೆ. ಮಡಿಕೇರಿ ಮುಟ್ಟುವಾಗ ಮಗು ಬಿಸ್ಕತ್ತು ಕೇಳಿತು. ಮಳೆಗಾಲದಲ್ಲಿ ಈ ದಾರಿಯಲ್ಲಿ ಹೋಗುವವರು ನೀರು, ತಿಂಡಿ ಕೈಯಲ್ಲಿ ಇಟ್ಟುಕೊಳ್ಳಿ, ಅದೇ ದಿನ ಮುಂದಿನ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ.

ರಾತ್ರಿ ಮಡಿಕೇರಿಯಲ್ಲಿ ಎರಡು ಕಂಬಳಿ ಹೊದ್ದರೂ ಚಳಿ. ನಿದ್ದೆ ಬರಲಿಲ್ಲ. ವೈನಿಗೆ ಕಿಟ್ಟೆಲ್ ಕಥೆ ಹೇಳಿದೆ. ಎಲ್ಲರಿಗೂ ಗೊತ್ತಿರುವುದು 1894ರಲ್ಲಿ ಬಂದ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70,000 ಶಬ್ದ. ನನಗೆ ನೆನಪಾಗುವುದು ಬೇರೆ. 1860ರಲ್ಲಿ ಮದುವೆಯಾದ, 1864ರಲ್ಲಿ ಹೆಂಡತಿ ಪೌಲೀನಾ ತೀರಿಕೊಂಡಳು. ಅದಾದ ಮೇಲೂ ಇಲ್ಲಿಗೇ ಅಂಟಿಕೊಂಡ. ಆರೋಗ್ಯ ಕೆಟ್ಟು ಜರ್ಮನಿಗೆ ಹೋದವನು ಐವತ್ತು ದಾಟಿದ ಮೇಲೆ 1883ರಲ್ಲಿ ನಿಘಂಟಿಗೋಸ್ಕರ ಮತ್ತೆ ಬಂದ. ಮೊಗ್ಲಿಂಗನದ್ದು ಇನ್ನೊಂದು ಥರ. ತೀರಿಕೊಂಡ ಸಂಬಂಧಿಕ ವೈಗ್ಲೆಯ ವಿಧವೆಯನ್ನು ಮದುವೆಯಾದ, ಕೊಡಗಿನಲ್ಲಿ ಕೆಲಸ ಮಾಡಿದ, ಅವಳ ಕಾಯಿಲೆಗಾಗಿ 1860ರಲ್ಲಿ ಎಲ್ಲ ಬಿಟ್ಟು ಹೊರಟ. ಮತ್ತೆ ಬರಲಿಲ್ಲ.

"ಇಬ್ಬರೊಳಗ ಯಾರು ಸರಿ?" ಅಂತ ಕೇಳಿದೆ.

ವೈನಿ ಕತ್ತಲೆಯಲ್ಲಿ ತುಸು ಹೊತ್ತು ಸುಮ್ಮನಿದ್ದರು. "ನಿನಗ ಈಗ ಹಾಸಿಗಿ ಹಿಡದ ಮನಶ್ಯಾರು ಮನ್ಯಾಗ ಇಲ್ಲಲ್ಲವಾ" ಅಂದರು. ಅಷ್ಟೇ. ಆಮೇಲೆ ಮಗ್ಗುಲು ತಿರುಗಿ ಮಲಗಿದರು.

ನಮ್ಮ ಮನೆಯವರು ಹನ್ನೊಂದು ತಿಂಗಳು ಹಾಸಿಗೆ ಹಿಡಿದಿದ್ದರು. ಆಗ ಅಯ್ಯನವರು ಕೇಳಿದ್ದರೆ ನಾನು ಇಲ್ಲ ಅನ್ನುತ್ತಿದ್ದೆ, ಅದು ತಪ್ಪಾಗುತ್ತಿರಲಿಲ್ಲ.

ಐದನೆಯ ದಿನ, ಬುಧವಾರ: ಆನಂದಪುರ

ಮಡಿಕೇರಿಯಿಂದ ಸಿದ್ದಾಪುರಕ್ಕೆ ಬಸ್ಸು, ಅಲ್ಲಿಂದ ಆಟೋ. ದಾರಿಯ ಎರಡೂ ಕಡೆ ಕಾಫಿ ತೋಟ, ಕಾಯಿ ಇನ್ನೂ ಹಸಿರು. ಆಟೋ ಡ್ರೈವರ್ "ಆನೆ ಉಂಟು, ನಾಲ್ಕು ಗಂಟೆಗೆ ಮೊದಲು ಹೊರಟು ಬಿಡಿ" ಅಂದರು.

1853ರಲ್ಲಿ ಅಲ್ಮಂಡ ಸೋಮಯ್ಯ ಎಂಬ ಕೊಡವರೊಬ್ಬರು ದೀಕ್ಷಾಸ್ನಾನ ತೆಗೆದುಕೊಂಡರು. ಅವರ ಜೊತೆಗೆ ಮೊಗ್ಲಿಂಗ್ ಮಂಗಳೂರು ಬಿಟ್ಟು ಕೊಡಗಿಗೆ ಬಂದ. ಆದರೆ ಇಲ್ಲಿ ಸುವಾರ್ತೆ ಹಿಡಿದದ್ದು ಹೊಲೆಯ ಜನ, ತಲೆತಲಾಂತರ ಒಡೆಯರ ಭೂಮಿಗೆ ಜೀತಕ್ಕಿದ್ದವರು. ಅವರಿಗೆ ತಮ್ಮದೇ ಅಂತ ಒಂದು ನೆಲ ಇರಲಿ ಅಂತ ಕಟ್ಟಿದ ಊರು ಆನಂದಪುರ. ಕೌಂಡಿನ್ಯ ಕೂಡ ಕೊಡಗಿನಲ್ಲಿ ಕೆಲಸ ಮಾಡಿದ. ಹುಟ್ಟಿದ ಜಾತಿಯಲ್ಲಿ ಇವರ ನೆರಳೂ ಬೀಳಬಾರದು ಅಂತ ಬೆಳೆದ ಹುಡುಗ ಇವರ ಜೊತೆ ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡಿರಬೇಕು ಅಲ್ವಾ? ಶನಿವಾರದಿಂದ ಕಾಡುತ್ತಿದ್ದ ಮನುಷ್ಯ ಇಲ್ಲಿ ನನಗೆ ಸಿಕ್ಕ ಹಾಗಾಯಿತು.

ಚರ್ಚಿನ ಅಂಗಳದಲ್ಲಿ ಒಬ್ಬ ಅಜ್ಜಿ ಎಲೆ ಗುಡಿಸುತ್ತಿದ್ದರು. ನಮ್ಮನ್ನು ನೋಡಿ ಪೊರಕೆ ಗೋಡೆಗೆ ಒರಗಿಸಿ "ಸ್ತೋತ್ರ" ಅಂದರು. ಬಾಗಿಲು ತೆಗೆದರು. ನಾವು ಪ್ರಾರ್ಥನೆ ಮಾಡಿ ಎದ್ದಾಗ ವೈನಿಯ ಹಿಮ್ಮಡಿಯಿಂದ ರಕ್ತ. ಜಿಗಣೆ! ವೈನಿ ಹೆದರಿದರು. ಅಜ್ಜಿ ಒಳಗೆ ಹೋಗಿ ಉಪ್ಪು ತಂದು ಸವರಿದರು, ಅದು ಬಿಟ್ಟು ಉದುರಿತು. ಆಮೇಲೆ ಮನೆಗೆ ಕರೆದು ಕರಿ ಕಾಫಿ, ಹಿಂದಿನ ರಾತ್ರಿಯ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಿಸಿ ಮಾಡಿ ಕೊಟ್ಟರು.

ಅಜ್ಜಿ ಇಡೀ ಜೀವನ ತೋಟದ ಕೂಲಿ. ಗಂಡ ಹೋಗಿ ಇಪ್ಪತ್ತು ವರ್ಷ. ಚರ್ಚ್ ಗುಡಿಸುವುದಕ್ಕೆ ಯಾರೂ ನೇಮಿಸಿಲ್ಲ, ಸಂಬಳವೂ ಇಲ್ಲ. "ಗಂಡ ಸತ್ತ ಮೇಲೆ ಬೆಳಿಗ್ಗೆ ಎದ್ದು ಏನು ಮಾಡುದು ಅಂತ ಗೊತ್ತಾಗ್ಲಿಲ್ಲ. ಪೊರಕೆ ಹಿಡ್ಕೊಂಡು ಬಂದೆ" ಅಂದರು. ನನ್ನ ಕಡೆ ತಿರುಗಿ, "ನೀವು ಈಗ ಎಂತ ಮಾಡ್ತೀರಿ?" ಅಂತ ಕೇಳಿದರು.

ನಾನು ರಿಟೈರ್ ಆಗಿದ್ದೇನೆ ಅಂದೆ. ಅವರಿಗೆ ಆ ಶಬ್ದ ಅರ್ಥವಾಗಲಿಲ್ಲ. ವೈನಿ ಬಿಡಿಸಿ ಹೇಳಿದರು: ಕೆಲಸ ಮುಗಿಯಿತು, ಇನ್ನು ಸರಕಾರ ಪಿಂಚಣಿ ಕೊಡುತ್ತದೆ ಅಂತ. ಅಜ್ಜಿ ನನ್ನ ಕೈಗಳನ್ನು ನೋಡಿದರು. "ಕೈ ಗಟ್ಟಿ ಉಂಟಲ್ಲ" ಅಂದರು.

ಮೂರೂವರೆಗೆ ಆಟೋ ಬಂತು. ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಮೊದಲು ಮಗನಿಗೆ ಫೋನ್ ಮಾಡಿದೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಲ್ಲಿ ಸೆಕಿ ಭಾಳ ಅವ್ವ" ಅಂದ. ಗೊತ್ತು ಅಂದೆ. ದೀಪಾವಳಿ ರಜೆಗೆ ಪುಣೆಗೆ ಬರುತ್ತೇನೆ ಅಂತ ಮಾತು ಕೊಟ್ಟೆ.

ಆಮೇಲೆ ಅಯ್ಯನವರಿಗೆ ಮಾಡಿದೆ. ಎಷ್ಟು ಹುಡುಗಿಯರಿದ್ದಾರೆ, ಮುಟ್ಟಿನ ಬಟ್ಟೆ ಒಗೆದು ಒಣಗಿಸಲಿಕ್ಕೆ ಜಾಗ ಇದೆಯಾ, ಕುಡಿಯುವ ನೀರು ಕೊಳವೆ ಬಾವಿಯದ್ದಾ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಅಂತ ಒಂದೊಂದಾಗಿ ಕೇಳಿದೆ. ಅವರು ಹೇಳಿದ್ದನ್ನೆಲ್ಲ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಜಾಗ ಸಾಲಲಿಲ್ಲ. ವೈನಿ ತಮ್ಮ ಟಿಕೆಟ್ಟನ್ನೂ ಕೊಟ್ಟರು.